ಎಕ್ಸ್‌ವೈ ಇದ್ದ ತಾಯಿ ಅವಳಿ ಮಕ್ಕಳನ್ನು ಹೆತ್ತದ್ದು ಹೇಗೆ?

2015ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಮೀರತ್‌ನಿಂದ ಒಂದು ಸುದ್ದಿ ಬಂತು. ಮಹಿಳೆಯೊಬ್ಬರು ಅವಳಿ ಮಕ್ಕಳನ್ನು ಹೆತ್ತಿದ್ದರು. ಅವರ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಬಹುಪಾಲು ಜೀವಕೋಶಗಳು ಎಕ್ಸ್‌ವೈ ಎಂದು ಬಂದಿದ್ದವು. ಎಕ್ಸ್‌ಎಕ್ಸ್ ಅಂದರೆ ಹೆಣ್ಣು, ಎಕ್ಸ್‌ವೈ ಅಂದರೆ ಗಂಡು ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೆವು ಅಲ್ವಾ? ಹಾಗಾಗಿ ಸುದ್ದಿ ದೇಶವನ್ನೆಲ್ಲ ಸುತ್ತಿತು. ಆಕೆಯನ್ನು ಹೆಚ್ಚುಪಾಲು ಗಂಡಸು ಎನ್ನುವಂಥ ತಲೆಬರಹಗಳೂ ಬಂದವು.

ಆ ತಲೆಬರಹ ನೆನೆದರೆ ಈಗಲೂ ಬೇಜಾರಾಗುತ್ತದೆ. ಆಕೆ ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆದು, ಮದುವೆಯಾಗಿ, ಮಗು ಬೇಕೆಂದು ಡಾಕ್ಟರ್ ಹತ್ತಿರ ಹೋದವರು. ಹೊಟ್ಟೆಯಲ್ಲಿ ಗರ್ಭಕೋಶ ಇತ್ತು. ಆದರೆ ಅದು ಪುಟ್ಟ ಹುಡುಗಿಯ ಗರ್ಭಕೋಶದ ಹಾಗೆ ಬೆಳೆಯದೆ ನಿಂತಿತ್ತು. ಅಂಡಾಣು ಇರಲಿಲ್ಲ. ತಿಂಗಳುಗಟ್ಟಲೆ ಹಾರ್ಮೋನ್ ಕೊಟ್ಟು ಗರ್ಭಕೋಶವನ್ನು ಬೆಳೆಸಿದರು. ಬೇರೆ ಮಹಿಳೆಯೊಬ್ಬರು ದಾನ ಕೊಟ್ಟ ಅಂಡಾಣುವಿನಿಂದ ಭ್ರೂಣ ಮಾಡಿ ಒಳಗಿಟ್ಟರು. ಗರ್ಭ ನಿಂತಿತು.

ಅಂದರೆ ಕ್ರೋಮೋಸೋಮ್ ರಿಪೋರ್ಟಿನಲ್ಲಿ ಏನಿದೆ ಎಂಬುದು ಗರ್ಭಕೋಶಕ್ಕೆ ಗೊತ್ತೇ ಇರುವುದಿಲ್ಲ. ಈ ಲೇಖನದ ಉದ್ದಕ್ಕೂ ನಾನು ಹೇಳಬೇಕೆಂದಿರುವುದು ಇದೇ ವಿಷಯ. ಹುಟ್ಟಿನಿಂದಲೇ ಲೈಂಗಿಕ ಬೆಳವಣಿಗೆ ಬೇರೆ ಥರ ಆದವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಮುಂದೆ ಮಕ್ಕಳಾಗುತ್ತಾ?’ ಅದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದು ಪದದ ಉತ್ತರ ಹುಡುಕುತ್ತೇವೆ. ಆದರೆ ಆ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಅಂಡಾಣು ಅಥವಾ ವೀರ್ಯಾಣು ಇದೆಯಾ? ಗರ್ಭಕೋಶ ಇದೆಯಾ? ಹಾರ್ಮೋನ್ ಸರಿಯಾದ ಹೊತ್ತಿಗೆ ಸರಿಯಾದ ಪ್ರಮಾಣದಲ್ಲಿ ಬರುತ್ತಾ? ಒಂಬತ್ತು ತಿಂಗಳ ಭಾರವನ್ನು ಆ ದೇಹ, ಅದರಲ್ಲೂ ಹೃದಯ, ತಡೆದುಕೊಳ್ಳುತ್ತಾ? ಹೆಚ್ಚಿನವರಲ್ಲಿ ಇವುಗಳಲ್ಲಿ ಒಂದೋ ಎರಡೋ ಇರುವುದಿಲ್ಲ, ಉಳಿದದ್ದು ಇರುತ್ತದೆ. ಇಲ್ಲದ್ದು ಯಾವುದು ಎಂದು ಗೊತ್ತಾದರೆ ದಾರಿ ಹುಡುಕಬಹುದು.

ಮೊದಲು ಹೆಸರಿನ ವಿಷಯ. ಇಂಥ ಸ್ಥಿತಿಗಳನ್ನೆಲ್ಲ ಸೇರಿಸಿ ಡಾಕ್ಟರುಗಳು ಡಿಎಸ್‌ಡಿ ಅನ್ನುತ್ತಾರೆ. 2005ರಲ್ಲಿ ಶಿಕಾಗೋದಲ್ಲಿ ತಜ್ಞರು ಸಭೆ ಸೇರಿ ಈ ಹೆಸರನ್ನು ಗೊತ್ತು ಮಾಡಿದರು. ಆಗ ಮೊದಲ ಡಿ ಅಕ್ಷರಕ್ಕೆ ‘ಡಿಸಾರ್ಡರ್’, ಅಂದರೆ ಕಾಯಿಲೆ ಎಂಬ ಅರ್ಥ ಇತ್ತು. ಅದು ಬೇಡ, ‘ಡಿಫರೆನ್ಸ್’ ಅನ್ನೋಣ ಎಂದು ಈಗ ತುಂಬಾ ಜನ ಕೇಳುತ್ತಾರೆ. ನಾನೂ ಇಲ್ಲಿ ಭಿನ್ನತೆ ಅಂತಲೇ ಬರೆಯುತ್ತೇನೆ. ಕೆಲವರು ತಮ್ಮನ್ನು ಅಂತರಲಿಂಗಿ ಎಂದು ಕರೆದುಕೊಳ್ಳುತ್ತಾರೆ, ಕೆಲವರಿಗೆ ಆ ಪದ ಬೇಡ. ಅದು ಅವರವರ ಇಷ್ಟ. ಇನ್ನೊಂದು ಮಾತು, ಇದಕ್ಕೂ ಟ್ರಾನ್ಸ್‌ಜೆಂಡರ್ ಆಗಿರುವುದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಮಾತಾಡುತ್ತಿರುವುದು ತಾಯಿಯ ಹೊಟ್ಟೆಯಲ್ಲಿದ್ದಾಗ ದೇಹ ರೂಪುಗೊಂಡ ಬಗೆಯ ಬಗ್ಗೆ. ಹುಟ್ಟಿದಾಗ ಹೊರನೋಟಕ್ಕೆ ಗಂಡೋ ಹೆಣ್ಣೋ ಎಂದು ತಕ್ಷಣ ಹೇಳಲಾಗದ ಮಕ್ಕಳು ಸುಮಾರು 4,500ರಿಂದ 5,500 ಹೆರಿಗೆಗೆ ಒಂದು. ಹುಟ್ಟಿದಾಗ ಏನೂ ಗೊತ್ತಾಗದೆ, ಮುಂದೆ ಮುಟ್ಟಾಗದೆ ಇದ್ದಾಗಲೋ ಮಕ್ಕಳಾಗದೆ ಇದ್ದಾಗಲೋ ಗೊತ್ತಾಗುವವರು ಇನ್ನೂ ಜಾಸ್ತಿ.

ಆರನೇ ವಾರದವರೆಗೆ ಎಲ್ಲರೂ ಒಂದೇ

ತಾಯಿಯ ಹೊಟ್ಟೆಯಲ್ಲಿ ಸುಮಾರು ಆರು ವಾರದವರೆಗೆ ಭ್ರೂಣಗಳೆಲ್ಲ ಒಂದೇ ಥರ ಇರುತ್ತವೆ. ಅಂಡಾಶಯವೂ ಆಗಬಲ್ಲ, ವೃಷಣವೂ ಆಗಬಲ್ಲ ಒಂದು ಜೋಡಿ ಪುಟ್ಟ ಗ್ರಂಥಿಗಳಿರುತ್ತವೆ. ಪಕ್ಕದಲ್ಲೇ ಎರಡು ಜೊತೆ ನಾಳಗಳು. ಒಂದು ಜೊತೆ ಬೆಳೆದರೆ ಗರ್ಭಕೋಶ ಮತ್ತು ಅದರ ಕೊಳವೆಗಳು. ಇನ್ನೊಂದು ಜೊತೆ ಬೆಳೆದರೆ ವೀರ್ಯ ಸಾಗುವ ನಾಳಗಳು. ಎರಡೂ ಎಲ್ಲ ಭ್ರೂಣಗಳಲ್ಲೂ ಇರುತ್ತವೆ.

ವೈ ಕ್ರೋಮೋಸೋಮಿನ ಮೇಲೆ ಎಸ್‌ಆರ್‌ವೈ ಎಂಬ ಜೀನ್ ಇದೆ. ಅದನ್ನು ಲಂಡನ್ನಿನ ವಿಜ್ಞಾನಿಗಳು 1990ರಲ್ಲಿ ಕಂಡುಹಿಡಿದರು. ಅದು ಕೆಲಸ ಮಾಡಿದರೆ ಗ್ರಂಥಿ ವೃಷಣವಾಗುತ್ತದೆ. ವೃಷಣ ಎರಡು ಸಂದೇಶ ಕಳಿಸುತ್ತದೆ. ಎಎಂಎಚ್ ಎಂಬ ಹಾರ್ಮೋನ್ ಹೋಗಿ ಗರ್ಭಕೋಶದ ನಾಳವನ್ನು ಕರಗಿಸುತ್ತದೆ. ಟೆಸ್ಟೋಸ್ಟೆರಾನ್ ಹೋಗಿ ವೀರ್ಯದ ನಾಳವನ್ನು ಉಳಿಸುತ್ತದೆ. ಅದೇ ಟೆಸ್ಟೋಸ್ಟೆರಾನ್ ಇನ್ನೂ ಬಲವಾದ ಡಿಎಚ್‌ಟಿ ಆಗಿ ಬದಲಾಗಿ ಹೊರಗಿನ ಗಂಡು ಅಂಗಗಳನ್ನು ರೂಪಿಸುತ್ತದೆ. ಈ ಸಂದೇಶಗಳು ಬಾರದಿದ್ದರೆ? 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ತ್ ಮೊಲದ ಭ್ರೂಣಗಳಿಂದ ಆ ಗ್ರಂಥಿಯನ್ನೇ ತೆಗೆದು ನೋಡಿದರು. ಗಂಡಾಗಬೇಕಿದ್ದ ಮರಿಗಳಲ್ಲೂ ಗರ್ಭಕೋಶ ಬೆಳೆದಿತ್ತು.

ಇಷ್ಟು ಗೊತ್ತಾದರೆ ಮೀರತ್‌ನ ಕಥೆ ಅರ್ಥವಾಗುತ್ತದೆ. ಎಕ್ಸ್‌ವೈ ಇದೆ. ಆದರೆ ಗ್ರಂಥಿ ವೃಷಣವಾಗಲಿಲ್ಲ. ಹಾಗಾಗಿ ಎಎಂಎಚ್ ಹುಟ್ಟಲಿಲ್ಲ. ಗರ್ಭಕೋಶ ಕರಗಲಿಲ್ಲ.

ಗರ್ಭಕೋಶ ಇದೆ, ಅಂಡಾಣು ಇಲ್ಲ

ಹೀಗಾಗುವುದಕ್ಕೆ ಸ್ವಾಯರ್ ಸಿಂಡ್ರೋಮ್ ಎಂದು ಹೆಸರು. ಬ್ರಿಟನ್ನಿನ ಜೆರಾಲ್ಡ್ ಸ್ವಾಯರ್ 1955ರಲ್ಲಿ ವಿವರಿಸಿದರು. ಸುಮಾರು 80,000ಕ್ಕೆ ಒಬ್ಬರಲ್ಲಿ ಕಾಣುತ್ತದೆ. ಹುಡುಗಿ ಎತ್ತರವಾಗಿ ಬೆಳೆಯುತ್ತಾಳೆ, ಆದರೆ ಮೈನೆರೆಯುವುದಿಲ್ಲ. ಸ್ಕ್ಯಾನಿಂಗ್ ಮಾಡಿದರೆ ಪುಟ್ಟ ಗರ್ಭಕೋಶ ಕಾಣುತ್ತದೆ. ಅಂಡಾಶಯದ ಜಾಗದಲ್ಲಿ ಎರಡು ಬಿಳಿ ಗೆರೆಯಂಥ ಅಂಗಾಂಶ ಇರುತ್ತದೆ. ಅದರಲ್ಲಿ ಗೆಡ್ಡೆ ಬೆಳೆಯುವ ಅಪಾಯ ಹೆಚ್ಚು. ಹಾಗಾಗಿ ಗೊತ್ತಾದ ಕೂಡಲೇ ತೆಗೆಸಿಬಿಡಿ ಅನ್ನುತ್ತಾರೆ. ಈ ವಿಷಯದಲ್ಲಿ ತಡಮಾಡಬಾರದು. ಗರ್ಭಕೋಶವನ್ನು ಮಾತ್ರ ಯಾರೂ ಮುಟ್ಟಬಾರದು, ಅದರ ಕೆಲಸ ಮುಂದಿದೆ.

ಮುಂದಿನ ದಾರಿ ಸರಳವಾಗಿ ಹೀಗೆ. ಹದಿಹರೆಯದಲ್ಲಿ ಈಸ್ಟ್ರೋಜನ್ ಕೊಟ್ಟು ನಿಧಾನವಾಗಿ ಗರ್ಭಕೋಶ ಬೆಳೆಸುತ್ತಾರೆ. ಮಗು ಬೇಕು ಎಂದಾಗ ಈಸ್ಟ್ರೋಜನ್‌ನಿಂದ ಒಳಪದರವನ್ನು ದಪ್ಪ ಮಾಡುತ್ತಾರೆ. ಆಮೇಲೆ ಪ್ರೊಜೆಸ್ಟೆರಾನ್ ಕೊಟ್ಟು ಅದನ್ನು ಭ್ರೂಣ ಅಂಟಿಕೊಳ್ಳುವ ಹದಕ್ಕೆ ತರುತ್ತಾರೆ. ದಾನಿಯ ಅಂಡಾಣು, ಗಂಡನ ವೀರ್ಯಾಣು ಸೇರಿಸಿ ಭ್ರೂಣ ಮಾಡಿ ಒಳಗಿಡುತ್ತಾರೆ. ಈ ತಾಯಿಯಲ್ಲಿ ಅಂಡಾಶಯ ಇಲ್ಲವಲ್ಲ, ಹಾರ್ಮೋನ್ ಹೊರಗಿನಿಂದಲೇ ಬರಬೇಕು. ಸುಮಾರು ಎಂಟು ಹತ್ತು ವಾರ ಕಳೆದ ಮೇಲೆ ಮಾಸು, ಅಂದರೆ ಪ್ಲಾಸೆಂಟಾ, ತಾನೇ ಹಾರ್ಮೋನ್ ಮಾಡತೊಡಗುತ್ತದೆ. ಅಲ್ಲಿಂದ ಆಚೆ ಮಗುವೇ ತನ್ನ ಗರ್ಭವನ್ನು ತಾನು ಕಾಪಾಡಿಕೊಳ್ಳುತ್ತದೆ ಅನ್ನಬಹುದು. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು.

ದಾನಿಯ ಅಂಡಾಣುವಿಗೆ ನಮ್ಮಲ್ಲಿ 2021ರ ಕಾನೂನು ಇದೆ. ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಒಮ್ಮೆಗೆ ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ.

ಇನ್ನು, ನಿಯಮಗಳನ್ನು ಮೀರಿದ ಸಂಗತಿಗಳೂ ಇವೆ. 2008ರಲ್ಲಿ ಕ್ರೊವೇಷಿಯಾದ ಡಾಕ್ಟರುಗಳು ಒಬ್ಬ ತಾಯಿಯ ಬಗ್ಗೆ ಬರೆದರು. ಆಕೆಯ ಕ್ರೋಮೋಸೋಮ್ ಬಹುಪಾಲು ಎಕ್ಸ್‌ವೈ. ಆದರೂ ತಾನಾಗೇ ಮೈನೆರೆದು, ತಿಂಗಳು ತಿಂಗಳು ಮುಟ್ಟಾಗಿ, ಯಾವ ಚಿಕಿತ್ಸೆಯೂ ಇಲ್ಲದೆ ಎರಡು ಸಲ ಬಸುರಾಗಿದ್ದರು. ಮಗಳಿಗೆ ಮುಟ್ಟು ಬರಲಿಲ್ಲ ಎಂದು ಪರೀಕ್ಷೆ ಮಾಡಿದಾಗಲೇ ತಾಯಿಯದೂ ಎಕ್ಸ್‌ವೈ ಎಂದು ಗೊತ್ತಾಗಿದ್ದು.

ಅಂಡಾಣು ಕೈಕೊಡುವ ಇನ್ನೊಂದು ಸ್ಥಿತಿ ಟರ್ನರ್ ಸಿಂಡ್ರೋಮ್. ಇದು ಸ್ವಾಯರ್‌ಗಿಂತ ಬಹಳ ಸಾಮಾನ್ಯ. 2,000ದಿಂದ 2,500 ಹೆಣ್ಣುಮಕ್ಕಳಿಗೆ ಒಬ್ಬರು. ಎರಡು ಎಕ್ಸ್ ಇರಬೇಕಾದ ಕಡೆ ಒಂದೇ ಇರುತ್ತದೆ, ಅಥವಾ ಎರಡನೆಯದು ಅರ್ಧಂಬರ್ಧ ಇರುತ್ತದೆ. ಹುಟ್ಟುವ ಮೊದಲು ಅಂಡಾಶಯದಲ್ಲಿ ಅಂಡಾಣುಗಳಿದ್ದರೂ ಬೇಗ ಬೇಗ ಸತ್ತುಹೋಗುತ್ತವೆ. ಹೆಚ್ಚಿನವರಲ್ಲಿ ಮೈನೆರೆಯುವ ವಯಸ್ಸಿಗೆ ಮೊದಲೇ ಖಾಲಿ. ಕೆಲವರಲ್ಲಿ ಒಂದಷ್ಟು ಜೀವಕೋಶಗಳಿಗೆ ಒಂದು ಎಕ್ಸ್, ಇನ್ನಷ್ಟಕ್ಕೆ ಎರಡು ಇರುತ್ತವೆ. ಅದನ್ನು ಮೊಸಾಯಿಕ್ ಅನ್ನುತ್ತಾರೆ. ಅಂಥವರಲ್ಲಿ ಕೆಲವರಿಗೆ ತಾನಾಗೇ ಮುಟ್ಟು ಶುರುವಾಗುತ್ತದೆ. ನೂರರಲ್ಲಿ ಬೆರಳೆಣಿಕೆಯಷ್ಟು ಜನ ಚಿಕಿತ್ಸೆ ಇಲ್ಲದೆ ಗರ್ಭಿಣಿಯಾಗಿದ್ದೂ ಇದೆ. ಇಂಥ ಹುಡುಗಿಯರಿಗೆ ಕಾಲ ಕಡಿಮೆ. ಹದಿಹರೆಯದಲ್ಲೇ ಅಂಡಾಣು ತೆಗೆದು ಫ್ರೀಜ್ ಮಾಡಿಡುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬೇಕು. ಮದುವೆ ಆದಮೇಲೆ ನೋಡೋಣ ಎಂದು ಸುಮ್ನೆ ಕೂತರೆ ಆಗ ಏನೂ ಉಳಿದಿರುವುದಿಲ್ಲ.

ಟರ್ನರ್ ಇರುವವರಲ್ಲಿ ಮೊದಲು ಕೇಳಬೇಕಾದ್ದು ನಾಲ್ಕನೇ ಪ್ರಶ್ನೆ, ಹೃದಯದ್ದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿಯ ಗೋಡೆ ಇವರಲ್ಲಿ ದುರ್ಬಲವಾಗಿರಬಹುದು. ಬಸುರಿನಲ್ಲಿ ರಕ್ತದ ಪ್ರಮಾಣ ಏರುತ್ತದೆ, ಹೃದಯದ ಕೆಲಸ ಜಾಸ್ತಿಯಾಗುತ್ತದೆ. ಆಗ ಆ ಗೋಡೆ ಒಳಗೇ ಸೀಳಿದರೆ ತಾಯಿಯ ಜೀವಕ್ಕೇ ಅಪಾಯ. ದಾನಿಯ ಅಂಡಾಣುವಿನಿಂದ ಗರ್ಭ ಧರಿಸಿದ ಟರ್ನರ್ ಮಹಿಳೆಯರು ಹೀಗೆ ತೀರಿಕೊಂಡ ಘಟನೆಗಳು ದಾಖಲಾಗಿವೆ. ಅದಕ್ಕೇ ಬಸುರಿಗೆ ಮೊದಲು ಹೃದಯದ ಎಕೋ ಮತ್ತು ಎಂಆರ್‌ಐ ಆಗಲೇಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಟರ್ನರ್ ಇರುವವರು ಸಾಮಾನ್ಯವಾಗಿ ಗಿಡ್ಡ. ಎತ್ತರದ ಹೆಂಗಸಿಗೆ ಸಹಜವಾದ ಅಗಲ ಇವರ ಪುಟ್ಟ ಮೈಗೆ ಹಿಗ್ಗಿದ ನಾಳವೇ ಆಗಿರಬಹುದು. ಆದ್ದರಿಂದ ಸೆಂಟಿಮೀಟರ್ ಲೆಕ್ಕ ಒಂದೇ ಸಾಲದು. ಮಹಾಪಧಮನಿಯ ಅಗಲವನ್ನು ಮೈಯ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ ನೋಡಬೇಕು. ಹಾಗೆ ಭಾಗಿಸಿದಾಗ ಚದರ ಮೀಟರಿಗೆ 2.5 ಸೆಂಟಿಮೀಟರ್ ದಾಟಿದರೆ ಗರ್ಭ ಬೇಡ ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೇರೆ ತೊಂದರೆಗಳೂ ಜೊತೆಗಿದ್ದರೆ 2 ದಾಟಿದಾಗಲೇ ಎಚ್ಚರ. ಬಸುರಾದರೆ ಎಕೋ ಮತ್ತೆ ಮತ್ತೆ ಆಗಬೇಕು, ಹೆರಿಗೆ ಆದಮೇಲೂ ಕೂಡ. ಒಂದಕ್ಕಿಂತ ಹೆಚ್ಚು ಭ್ರೂಣ ಇಡಬಾರದು, ಅವಳಿ ಬಸುರು ಹೃದಯಕ್ಕೆ ಇನ್ನೂ ಭಾರ. ಐವಿಎಫ್ ಮಾಡುವವರು ‘ಗರ್ಭಕೋಶ ಚೆನ್ನಾಗಿದೆ, ಆಗುತ್ತೆ’ ಅಂದರೆ ಅದು ಅರ್ಧ ಉತ್ತರ. ಇನ್ನರ್ಧ ಹೃದಯದ ಡಾಕ್ಟರಿಂದ ಬರಬೇಕು.

ಅಂಡಾಣು ಇದೆ, ಗರ್ಭಕೋಶ ಇಲ್ಲ

ಇದು ಸ್ವಾಯರ್‌ನ ತದ್ವಿರುದ್ಧ. ಹೆಸರು ಎಂಆರ್‌ಕೆಎಚ್. ಕ್ರೋಮೋಸೋಮ್ ಎಕ್ಸ್‌ಎಕ್ಸ್. ಅಂಡಾಶಯಗಳು ಚೆನ್ನಾಗಿರುತ್ತವೆ. ಹುಡುಗಿ ಎಲ್ಲರಂತೆ ಬೆಳೆಯುತ್ತಾಳೆ. ಮುಟ್ಟು ಮಾತ್ರ ಬರುವುದಿಲ್ಲ, ಯಾಕೆಂದರೆ ಗರ್ಭಕೋಶ ಬೆಳೆದೇ ಇಲ್ಲ. ಸುಮಾರು 5,000 ಹೆಣ್ಣುಮಕ್ಕಳಿಗೆ ಒಬ್ಬರಲ್ಲಿ ಹೀಗಾಗುತ್ತದೆ. ಕೆಲವರಲ್ಲಿ ಕಿಡ್ನಿಯೂ ಒಂದೇ ಇರಬಹುದು, ಅದನ್ನೂ ನೋಡಿಸಬೇಕು.

ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ಆರತಿ ಮಾಡಿ, ಚಿಗಳಿ ಕೊಟ್ಟು, ಊರಿಗೆಲ್ಲ ಹೇಳುವ ರೂಢಿ. ಆ ಆರತಿ ಇನ್ನೂ ಯಾಕೆ ಆಗಲಿಲ್ಲ ಎಂಬ ನೆಂಟರ ಪ್ರಶ್ನೆಯೇ ಎಷ್ಟೋ ಮನೆಗಳಲ್ಲಿ ಮೊದಲ ಗಾಯ. 15 ವರ್ಷ ದಾಟಿದರೂ ಮುಟ್ಟಾಗದಿದ್ದರೆ ಹರಕೆ, ಕಷಾಯ ಎಂದು ಕಾಲ ಕಳೆಯದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಸ್ವಾಯರ್ ಆಗಿದ್ದರೆ ಆ ತಡ ಜೀವಕ್ಕೇ ಕುತ್ತಾಗಬಹುದು. ಎಂಆರ್‌ಕೆಎಚ್ ಆಗಿದ್ದರೆ ಆ ಹುಡುಗಿ ಸುಮ್ಮನೆ ಎರಡು ಮೂರು ವರ್ಷ ತನ್ನನ್ನೇ ದೂರಿಕೊಂಡಿರುತ್ತಾಳೆ.

ಎಂಆರ್‌ಕೆಎಚ್ ಇರುವವರಿಗೆ ತಮ್ಮದೇ ಅಂಡಾಣುವಿನಿಂದ, ತಮ್ಮದೇ ರಕ್ತಸಂಬಂಧದ ಮಗು ಆಗಬಹುದು. ಹೊರಲು ಇನ್ನೊಬ್ಬರು ಬೇಕು. ಅದಕ್ಕೆ ಬಾಡಿಗೆ ತಾಯಿ ಎಂಬ ಪದ ರೂಢಿಯಲ್ಲಿದೆ, ಆದರೆ ಈಗ ಭಾರತದಲ್ಲಿ ಬಾಡಿಗೆ ಕೊಡುವಂತೆಯೇ ಇಲ್ಲ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಆಕೆಗೆ ಆಸ್ಪತ್ರೆ ಖರ್ಚು ಮತ್ತು ವಿಮೆ ಮಾತ್ರ ಕೊಡಬಹುದು. ಆಕೆಗೆ ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35. ಜೀವಮಾನದಲ್ಲಿ ಒಂದೇ ಸಲ ಹೀಗೆ ಹೊರಬಹುದು. ಮಗು ಬಯಸುವ ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸಿರಬೇಕು. ಗರ್ಭಕೋಶ ಇಲ್ಲದಿರುವುದನ್ನು ಕಾನೂನು ಸರಿಯಾದ ಕಾರಣ ಎಂದು ಒಪ್ಪುತ್ತದೆ. ಆದರೆ ಒಂಟಿ ಹೆಂಗಸರಲ್ಲಿ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ, ಅದೂ 35ರಿಂದ 45ರ ಒಳಗೆ, ಅವಕಾಶ ಇದೆ. ಗರ್ಭಕೋಶ ಇಲ್ಲವೆಂಬ ಕಾರಣಕ್ಕೇ ಮದುವೆಯಾಗುವ ಮೊದಲೇ ಸಂಬಂಧ ಮುರಿದುಬಿದ್ದ ಹುಡುಗಿಗೆ, ಮದುವೆಯೇ ಬೇಡ ಎಂದವಳಿಗೆ ಬಾಗಿಲು ಮುಚ್ಚಿದೆ. ಇದು ಅನ್ಯಾಯ ಎಂದೇ ನನಗನ್ನಿಸುತ್ತದೆ.

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಇಂಥ ಬಸುರಿಗೆ ದಾನಿಯ ಅಂಡಾಣು ಬಳಸುವಂತಿಲ್ಲ ಎಂದಿತು. ಆಗ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಎಂಆರ್‌ಕೆಎಚ್ ಇತ್ತು, ಜೊತೆಗೆ ಅಂಡಾಣುವೂ ಇರಲಿಲ್ಲ. ಆ ನಿಯಮ ಹಾಗೇ ಉಳಿದರೆ ಅವರಿಗೆ ದಾರಿಯೇ ಇಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅವರ ಮಟ್ಟಿಗೆ ಆ ನಿಯಮಕ್ಕೆ ತಡೆ ಕೊಟ್ಟಿತು. 2024ರ ಫೆಬ್ರವರಿಯಲ್ಲಿ ನಿಯಮವೇ ಬದಲಾಯಿತು. ಈಗ ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಟ್ಟರೆ ದಂಪತಿಯಲ್ಲಿ ಒಬ್ಬರದು ದಾನಿಯಿಂದ ಬರಬಹುದು, ಇನ್ನೊಬ್ಬರದು ಸ್ವಂತದ್ದೇ ಆಗಿರಬೇಕು.

ಗರ್ಭಕೋಶವನ್ನೇ ಕಸಿ ಮಾಡುವ ದಾರಿಯೂ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮ್ಯಾಟ್ಸ್ ಬ್ರ್ಯಾನ್‌ಸ್ಟ್ರಾಮ್ ಅವರ ತಂಡದ ಕೈಯಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಕಸಿ ಮಾಡಿದ ಗರ್ಭಕೋಶದಿಂದ ಮಗು ಹುಟ್ಟಿತು. ತಾಯಿಗೆ ಇದ್ದದ್ದು ಎಂಆರ್‌ಕೆಎಚ್. ಗರ್ಭಕೋಶ ಕೊಟ್ಟವರು 61 ವರ್ಷದ ಪರಿಚಿತೆ. ಭಾರತದಲ್ಲಿ ಪುಣೆಯ ಡಾ. ಶೈಲೇಶ್ ಪುಣತಾಂಬೇಕರ್ ತಂಡ 2017ರ ಮೇ ತಿಂಗಳಲ್ಲಿ ಕಸಿ ಶುರು ಮಾಡಿತು. 2018ರ ಅಕ್ಟೋಬರ್‌ನಲ್ಲಿ ಮೊದಲ ಮಗು ಹುಟ್ಟಿತು. ಆ ತಾಯಿಯದು ಹುಟ್ಟಿನಿಂದ ಬಂದ ಭಿನ್ನತೆ ಆಗಿರಲಿಲ್ಲ, ಗರ್ಭಕೋಶ ಹಾಳಾಗಿತ್ತು. ಅವರಿಗೆ ಗರ್ಭಕೋಶ ಕೊಟ್ಟದ್ದು ಹೆತ್ತ ಅಮ್ಮನೇ. ಹಾಗಾಗಿ ಮಗು ಬೆಳೆದದ್ದು ತನ್ನ ತಾಯಿ ಬೆಳೆದಿದ್ದ ಅದೇ ಗರ್ಭಕೋಶದಲ್ಲಿ. ಆದರೆ ಇದು ದೊಡ್ಡ ಆಪರೇಷನ್, ಕೊಡುವವರಿಗೂ ಪಡೆಯುವವರಿಗೂ. ದೇಹ ಅದನ್ನು ತಳ್ಳದಂತೆ ದಿನಾ ಔಷಧಿ ಬೇಕು. ಹೆರಿಗೆ ಸಿಸೇರಿಯನ್ನೇ. ಒಂದೆರಡು ಮಕ್ಕಳಾದ ಮೇಲೆ ಗರ್ಭಕೋಶವನ್ನು ತೆಗೆದುಬಿಡುತ್ತಾರೆ, ಆಗ ಔಷಧಿಯನ್ನೂ ನಿಲ್ಲಿಸಬಹುದು.

ಎಲ್ಲ ಇದೆ, ಹಾರ್ಮೋನ್ ತಾಳ ತಪ್ಪಿದೆ

ಸಿಎಎಚ್ ಎಂಬ ಸ್ಥಿತಿ ಇರುವ ಹೆಣ್ಣುಮಕ್ಕಳ ವಿಷಯ ಬೇರೆ. ಗರ್ಭಕೋಶ ಇದೆ, ಅಂಡಾಶಯ ಇದೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆ. ಅದರಿಂದ ಕಾರ್ಟಿಸಾಲ್ ಕಡಿಮೆಯಾಗಿ ಗಂಡು ಹಾರ್ಮೋನ್ ಜಾಸ್ತಿಯಾಗುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಹೀಗಾಗುವುದರಿಂದ ಹುಟ್ಟುವಾಗ ಹೊರಗಿನ ಅಂಗ ಗಂಡುಮಗುವಿನದರಂತೆ ಕಾಣಬಹುದು. ತೀವ್ರವಾದ ಬಗೆಯಲ್ಲಿ ಮಗುವಿನ ಮೈಯಿಂದ ಉಪ್ಪಿನಂಶ ಸೋರಿಹೋಗಿ ಒಂದೆರಡು ವಾರದಲ್ಲೇ ಪ್ರಾಣಕ್ಕೆ ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,762 ಮಕ್ಕಳಿಗೆ ಒಂದರಲ್ಲಿ ಸಿಎಎಚ್ ಕಂಡಿತ್ತು.

ಇವರಿಗೆ ಮಕ್ಕಳಾಗುವುದು ಕಷ್ಟ ಎಂದು ಬಹಳ ಕಾಲ ನಂಬಿದ್ದರು. 2009ರಲ್ಲಿ ಲಂಡನ್ನಿನ ಡಾಕ್ಟರುಗಳು ಬೇರೆ ಚಿತ್ರ ತೋರಿಸಿದರು. ಮಗು ಬೇಕೆಂದು ಪ್ರಯತ್ನಿಸಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಗರ್ಭಿಣಿಯಾಗಿದ್ದರು. ಪ್ರಯತ್ನಿಸಿದವರೇ ಕಡಿಮೆ. ಯಾಕೆ ಕಡಿಮೆ? ಎಳೆವಯಸ್ಸಿನ ಆಪರೇಷನ್ನುಗಳಿಂದ ಆದ ನೋವು, ಗಂಡನ ಜೊತೆ ಸೇರಲು ಆಗದಿರುವುದು, ನನಗೆಲ್ಲಿ ಮಕ್ಕಳು ಎಂಬ ಕುಗ್ಗು, ಇವೆಲ್ಲ ಅದರ ಹಿಂದಿವೆ. ದೇಹ ಸಿದ್ಧವಿದ್ದರೂ ಚಿಕ್ಕಂದಿನಿಂದ ಕೇಳಿದ ಮಾತುಗಳು ಅಡ್ಡ ನಿಂತಿದ್ದವು.

ಚಿಕಿತ್ಸೆಯಲ್ಲಿ ಎರಡು ಸಂಗತಿ ಮುಖ್ಯ. ಒಂದು, ಅಡ್ರಿನಲ್ ಗ್ರಂಥಿಯಿಂದ ಪ್ರೊಜೆಸ್ಟೆರಾನ್ ಕೂಡ ಸದಾ ಸೋರುತ್ತಿರುತ್ತದೆ. ಅದು ಗರ್ಭನಿರೋಧಕ ಮಾತ್ರೆ ತಿಂದ ಹಾಗೆ ಕೆಲಸ ಮಾಡಿ ಭ್ರೂಣ ಅಂಟದಂತೆ ತಡೆಯುತ್ತದೆ. ಕಾರ್ಟಿಸಾಲ್ ಕೊರತೆ ತುಂಬಲು ಕೊಡುವ ಸ್ಟೀರಾಯ್ಡ್ ಪ್ರಮಾಣ ಸರಿಮಾಡಿ ಅದನ್ನು ಇಳಿಸಿದರೆ ಎಷ್ಟೋ ಜನಕ್ಕೆ ತಾನಾಗೇ ಗರ್ಭ ನಿಲ್ಲುತ್ತದೆ. ಇನ್ನೊಂದು, ಬಸುರಿನಲ್ಲಿ ಯಾವ ಸ್ಟೀರಾಯ್ಡ್ ಎಂಬುದು. ಹೈಡ್ರೋಕಾರ್ಟಿಸೋನ್ ಅನ್ನು ಮಾಸು ತಡೆದು ನಿಷ್ಕ್ರಿಯ ಮಾಡುತ್ತದೆ, ಮಗುವಿಗೆ ಹೆಚ್ಚು ತಲುಪುವುದಿಲ್ಲ. ಡೆಕ್ಸಾಮೆಥಾಸೋನ್ ಹಾಗಲ್ಲ, ನೇರ ಮಗುವಿಗೆ ಹೋಗುತ್ತದೆ. ಅದಕ್ಕೇ ಮೊದಲೇ ಬದಲಿಸಿಕೊಳ್ಳುತ್ತಾರೆ. ಮಾತ್ರೆಯನ್ನು ಮಾತ್ರ ಯಾವತ್ತೂ ತಾವೇ ನಿಲ್ಲಿಸಬಾರದು. ಹೆರಿಗೆ ನೋವಿನ ಹೊತ್ತಿಗೆ ಪ್ರಮಾಣ ಹೆಚ್ಚಿಸಲೇಬೇಕು, ಇಲ್ಲದಿದ್ದರೆ ತಾಯಿಯ ರಕ್ತದೊತ್ತಡ ಕುಸಿಯಬಹುದು. ತಾಯಿಯ ಗಂಡು ಹಾರ್ಮೋನ್ ಹೊಟ್ಟೆಯಲ್ಲಿರುವ ಹೆಣ್ಣುಮಗುವಿಗೆ ತೊಂದರೆ ಮಾಡುತ್ತಾ ಎಂಬ ಭಯ ಸಹಜ. ಮಾಸಿನಲ್ಲಿರುವ ಕಿಣ್ವವೊಂದು ಅದನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಮಗುವಿಗೆ ಅದೇ ಕಾವಲು.

ಇಲ್ಲಿ ನಮ್ಮ ನಾಡಿನ ವಿಷಯ ಹೇಳಲೇಬೇಕು. ಸಿಎಎಚ್ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಸುಮಾರು ನೂರಕ್ಕೆ 27 ಮದುವೆಗಳು ಸಂಬಂಧದಲ್ಲೇ ಆಗುತ್ತವೆ. ಸಿಎಎಚ್ ಇರುವ ಹುಡುಗಿ ಸಂಬಂಧವಿಲ್ಲದ ಹುಡುಗನನ್ನು ಮದುವೆಯಾದರೆ ಮಗುವಿಗೂ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ಅದೇ ಸೋದರಮಾವನನ್ನು ಮದುವೆಯಾದರೆ? ಅವಳ ಅಮ್ಮನಲ್ಲಿ ಆ ಜೀನ್ ಖಂಡಿತ ಇದೆ. ಅಮ್ಮನ ತಮ್ಮನಲ್ಲಿ ಇರುವ ಸಾಧ್ಯತೆ ಅರ್ಧ. ಅವನಿಂದ ಮಗುವಿಗೆ ಹೋಗುವುದು ಅದರಲ್ಲೂ ಅರ್ಧ. ಅಂದರೆ ನಾಲ್ಕರಲ್ಲಿ ಒಂದು. ಮಾವನ ಮಗನಾದರೆ ಎಂಟರಲ್ಲಿ ಒಂದು. ಮದುವೆ ಆಗಿಹೋಗಿದ್ದರೆ ಯಾರನ್ನೂ ದೂರುವುದು ಬೇಡ. ಗಂಡನ ಜೀನ್ ಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲಿಂಗ್ ಪಡೆದರೆ ಮುಂದಿನ ಹೆಜ್ಜೆ ತಿಳಿಯುತ್ತದೆ.

ಗಂಡಸರ ಕಡೆ

ಮಕ್ಕಳಾಗದಿದ್ದರೆ ಮೊದಲು ಹೆಂಡತಿಯನ್ನೇ ವರ್ಷಗಟ್ಟಲೆ ಪರೀಕ್ಷೆಗೆ ಅಲೆಸುತ್ತಾರೆ. ಗಂಡನ ವೀರ್ಯ ಪರೀಕ್ಷೆ ಕೊನೆಗೆ. ಅಲ್ಲಿ ಎಷ್ಟೋ ಸಲ ಸಿಗುವುದು ಕ್ಲೈನ್‌ಫೆಲ್ಟರ್, ಅಂದರೆ ಎಕ್ಸ್‌ಎಕ್ಸ್‌ವೈ. ಸುಮಾರು 600ರಿಂದ 650 ಗಂಡಸರಿಗೆ ಒಬ್ಬರಲ್ಲಿ ಇದು ಇರುತ್ತದೆ, ಬಹುಪಾಲು ಜನರಿಗೆ ಗೊತ್ತೇ ಇರುವುದಿಲ್ಲ. ವೀರ್ಯದಲ್ಲಿ ವೀರ್ಯಾಣು ಸೊನ್ನೆ. ಆದರೂ ಮೈಕ್ರೋಸ್ಕೋಪ್ ಇಟ್ಟುಕೊಂಡು ವೃಷಣದ ಒಳಗೇ ಹುಡುಕಿದರೆ ನೂರರಲ್ಲಿ 40ರಿಂದ 50 ಜನರಲ್ಲಿ ಒಂದಷ್ಟು ವೀರ್ಯಾಣು ಸಿಗುತ್ತದೆ. ಒಂದೊಂದನ್ನೇ ಅಂಡಾಣುವಿಗೆ ಚುಚ್ಚಿ ಭ್ರೂಣ ಮಾಡಬಹುದು. ಸುಸ್ತು ಎಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲೇ ಇದನ್ನು ಕೇಳಬೇಕು. ಆ ಇಂಜೆಕ್ಷನ್ ಮೈಗೆ ಬಲ ಕೊಡುತ್ತದೆ, ಆದರೆ ಉಳಿದಿರುವ ಚೂರುಪಾರು ವೀರ್ಯಾಣುವನ್ನೂ ತಗ್ಗಿಸುತ್ತದೆ.

ಟೆಸ್ಟೋಸ್ಟೆರಾನ್ ಡಿಎಚ್‌ಟಿ ಆಗಿ ಬದಲಾಗದವರ ಕಥೆ ಇನ್ನೊಂದು. ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ ಹೆಣ್ಣೆಂದು ಬೆಳೆಸಿದ ಕೆಲವು ಮಕ್ಕಳು ಹದಿಹರೆಯದಲ್ಲಿ ಗಂಡುಮಕ್ಕಳಂತೆ ಬೆಳೆಯುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ 1974ರಲ್ಲಿ ಇದರ ಕಾರಣ ವಿವರಿಸಿದರು. ಇವರಲ್ಲಿ ವೀರ್ಯ ಗಟ್ಟಿ ಮತ್ತು ಕಡಿಮೆ. ಆದರೆ ಅದನ್ನು ತೊಳೆದು ನೇರವಾಗಿ ಗರ್ಭಕೋಶಕ್ಕೆ ಹಾಕಿದಾಗ ತಂದೆಯಾದವರಿದ್ದಾರೆ.

ಇಲ್ಲ ಎಂದು ಹೇಳಬೇಕಾದಾಗ

ಪೂರ್ಣ ಆಂಡ್ರೊಜೆನ್ ಅಸಂವೇದನೆ ಇರುವವರಲ್ಲಿ ಕ್ರೋಮೋಸೋಮ್ ಎಕ್ಸ್‌ವೈ, ಹೊಟ್ಟೆಯೊಳಗೆ ವೃಷಣ. ಆದರೆ ದೇಹ ಟೆಸ್ಟೋಸ್ಟೆರಾನ್ ಮಾತನ್ನೇ ಕೇಳುವುದಿಲ್ಲ. ಹಾಗಾಗಿ ಹೊರಗೆ ಪೂರ್ತಿ ಹೆಣ್ಣು. ಎಎಂಎಚ್ ಮಾತ್ರ ತನ್ನ ಕೆಲಸ ಮಾಡಿರುತ್ತದೆ, ಗರ್ಭಕೋಶ ಇರುವುದಿಲ್ಲ. ಅಂಡಾಣುವೂ ಇಲ್ಲ, ವೀರ್ಯಾಣುವೂ ಸಾಮಾನ್ಯವಾಗಿ ಆಗುವುದಿಲ್ಲ. ಇವರಿಗೆ ಬಸುರು ಆಗುವುದಿಲ್ಲ ಎಂದು ಪ್ರೀತಿಯಿಂದ, ಸ್ಪಷ್ಟವಾಗಿ ಹೇಳಬೇಕು. ‘ನೋಡೋಣ, ಮುಂದೆ ಏನಾದರೂ ಬರಬಹುದು’ ಎಂದು ಸುಳ್ಳು ಆಸೆ ಕೊಟ್ಟರೆ ಮದುವೆಯ ದಿನ ಹತ್ತಿರವಾದಂತೆ ಆ ಹುಡುಗಿ ಒಳಗೇ ಕುಸಿಯುತ್ತಾಳೆ. ಮದುವೆ, ಸಂಸಾರ, ದತ್ತು ಮಗು, ಇವೆಲ್ಲ ಅವಳಿಗೂ ಇವೆ. ಇದು ತಾಯಿಯ ಎಕ್ಸ್‌ನಿಂದ ಬರುವ ಗುಣ. ಹಾಗಾಗಿ ತಾಯಿಯ ಕಡೆ ಮಕ್ಕಳಾಗದ ದೊಡ್ಡಮ್ಮನೋ ಚಿಕ್ಕಮ್ಮನೋ ಇದ್ದರೆ, ಬಂಜೆ ಎಂದು ಊರು ಆಡಿಕೊಂಡ ಆ ಹೆಂಗಸಿಗೂ ಇದೇ ಇದ್ದಿರಬಹುದು.

ಇವರ ವೃಷಣ ಬೇಗ ತೆಗೆಯಬೇಕಿಲ್ಲ. ಮೈನೆರೆಯುವ ಮೊದಲು ಗೆಡ್ಡೆಯ ಅಪಾಯ ತೀರಾ ಕಡಿಮೆ. ಅದರಿಂದ ಬರುವ ಟೆಸ್ಟೋಸ್ಟೆರಾನ್ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗಿ ಎದೆ ಬೆಳೆಯುತ್ತದೆ, ಮೂಳೆ ಗಟ್ಟಿಯಾಗುತ್ತದೆ. ಸ್ವಾಯರ್‌ನಲ್ಲಿ ಬೇಗ ತೆಗೆಯಬೇಕು, ಇಲ್ಲಿ ಕಾಯಬಹುದು. ಎರಡೂ ಎಕ್ಸ್‌ವೈ. ರಿಪೋರ್ಟಿನ ಎರಡು ಅಕ್ಷರ ನೋಡಿ ತೀರ್ಮಾನ ಮಾಡಿದರೆ ಏನಾಗುತ್ತದೆ ಎಂದು ಇದರಿಂದಲೇ ತಿಳಿಯಬಹುದು.

ಮಾತಾಡಲು ಬಾರದ ಮಗುವಿನ ಮೇಲೆ, ನೋಡುವವರ ಕಣ್ಣಿಗೆ ಸರಿ ಕಾಣಲಿ ಎಂದು ಮಾಡುವ ಆಪರೇಷನ್ ಬೇರೆ ವಿಷಯ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅಂಥ ಆಪರೇಷನ್ನುಗಳನ್ನು ನಿಲ್ಲಿಸಲು ಹೇಳಿತು. ಅದೇ ವರ್ಷ ತಮಿಳುನಾಡು ಸರ್ಕಾರ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಎಂದು ಆದೇಶ ಹೊರಡಿಸಿತು. ಒಮ್ಮೆ ಗ್ರಂಥಿ ತೆಗೆದರೆ ಅದರಲ್ಲಿದ್ದ ಅಂಡಾಣು ವೀರ್ಯಾಣುಗಳೂ ಹೋದಂತೆ. ಅಂಡಾಶಯ, ವೃಷಣ ಎರಡರ ಅಂಗಾಂಶವೂ ಇರುವವರಲ್ಲಿ ಅಂಡಾಶಯದ ಭಾಗ ಉಳಿದಿದ್ದರಿಂದಲೇ ತಾಯಿಯಾದವರಿದ್ದಾರೆ. ಆದ್ದರಿಂದ ಸಹಿ ಹಾಕುವ ಮೊದಲು ಮೂರು ಮಾತು ಕೇಳಿ: ಏನು ತೆಗೆಯುತ್ತೀರಿ, ಈಗಲೇ ಯಾಕೆ, ಇದರಿಂದ ಮುಂದೆ ಮಕ್ಕಳಾಗುವುದಕ್ಕೆ ಏನಾಗುತ್ತದೆ?

ಕೇಳಿದ ಉತ್ತರವನ್ನು ಕಾಗದದಲ್ಲಿ ಪಡೆಯಿರಿ. ಮೂವತ್ತರ ಹರೆಯದಲ್ಲಿ ಮಗುವಿಗಾಗಿ ಡಾಕ್ಟರ್ ಮುಂದೆ ಕೂತ ಎಷ್ಟೋ ಹೆಂಗಸರಿಗೆ ತಮ್ಮ ಹೊಟ್ಟೆಯ ಮೇಲಿನ ಗಾಯದ ಗುರುತು ಯಾವುದರದ್ದು ಎಂದೇ ತಿಳಿದಿರುವುದಿಲ್ಲ. ‘ಹರ್ನಿಯಾ ಆಪರೇಷನ್ ಆಗಿತ್ತು’ ಎಂದಷ್ಟೇ ಅಮ್ಮ ಹೇಳಿರುತ್ತಾರೆ. ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ 2002ರ ನಿಯಮಾವಳಿ ಹೇಳುತ್ತದೆ. ಆದರೆ ಅದೇ ನಿಯಮದಲ್ಲಿ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದಲ್ಲಿಂದ ಮೂರು ವರ್ಷ ಮಾತ್ರ. ಎರಡು ವರ್ಷದ ಮಗುವಿಗೆ ಆಪರೇಷನ್ ಆಗಿದ್ದರೆ ಅವಳು ಶಾಲೆಗೆ ಸೇರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಆ ಫೈಲ್ ಇಲ್ಲದೆಯೂ ಹೋಗಬಹುದು. ಡಿಸ್ಚಾರ್ಜ್ ಸಮ್ಮರಿ, ಕ್ರೋಮೋಸೋಮ್ ರಿಪೋರ್ಟ್, ತೆಗೆದ ಅಂಗಾಂಶದ ಬಯಾಪ್ಸಿ ರಿಪೋರ್ಟ್, ಇಷ್ಟನ್ನೂ ಮನೆಯ ಬೀರುವಿನಲ್ಲಿ ಮಗಳ ಜಾತಕ ಇಟ್ಟ ಕಡೆಯೇ ಇಡಿ. ಅವಳು ಕೇಳಿದ ದಿನ ತೆಗೆದು ಅವಳ ಕೈಗೇ ಕೊಡಿ.